ಪ್ಲೇಗ್ ರೋಗಾಣು ಇಲಿಯ ಮನೆ ಸೇರಿದ ಚರಿತ್ರೆ

ಪ್ಲೇಗ್ ಬಂತು ಎನ್ನುವುದಕ್ಕೆ ನಮ್ಮ ಹಳ್ಳಿಗಳ ಹಿರಿಯರು 'ಇಲಿ ಬಿತ್ತು' ಎನ್ನುತ್ತಿದ್ದರು. ಸೂರಿನಿಂದ ಒಂದು ಇಲಿ ಕೆಳಗೆ ಬಿದ್ದು ಸತ್ತರೆ ಸಾಕು, ಜನ ಪಾತ್ರೆ ಪಗಡೆ ಕಟ್ಟಿಕೊಂಡು ಊರಾಚೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಓದಿದವರಿಗೆ ಅಗ್ರಹಾರದಲ್ಲಿ ಇಲಿಗಳು ಸಾಯುವ ಆ ಪುಟಗಳು ನೆನಪಿರುತ್ತವೆ. ಉರ್ದುವಿನಲ್ಲಿ ಈ ರೋಗಕ್ಕೆ 'ತಾಊನ್' ಎಂದು ಹೆಸರು. ಇರಿಯುವುದು ಎಂಬ ಅರ್ಥದ ಅರಬಿ ಮೂಲದಿಂದ ಬಂದ ಪದ ಅದು. ಈ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ತಾಊನ್ ಎಂಬ ಪದ ಮನುಷ್ಯನ ನೋವನ್ನು ಹೇಳುತ್ತದೆ, 'ಇಲಿ ಬಿತ್ತು' ಎಂಬ ಮಾತು ರೋಗದ ನಿಜವಾದ ವಿಳಾಸವನ್ನು ಹೇಳುತ್ತದೆ. ಪ್ಲೇಗ್ ಮೊದಲಿಗೆ ಇಲಿಯ ರೋಗ, ಚಿಗಟದ ರೋಗ. ಮನುಷ್ಯ ಅದರ ದಾರಿಗೆ ಅಡ್ಡ ಸಿಕ್ಕವನು.

ನಮ್ಮ ಇತಿಹಾಸದ ಪಠ್ಯಗಳಲ್ಲಿ ಪ್ಲೇಗಿಗೆ ಒಂದೆರಡು ಸಾಲು ಸಿಗುತ್ತದೆ. ಇಂಥ ವರ್ಷ ಬಂತು, ಇಷ್ಟು ಜನ ಸತ್ತರು, ಇಂಥ ಊರು ಬರಿದಾಯಿತು, ಅಷ್ಟೆ. ರೋಗಾಣುವಿಗೂ ಒಂದು ಇತಿಹಾಸವಿದೆ, ಅದೂ ದಾಖಲೆಯ ರೂಪದಲ್ಲಿದೆ ಎಂಬುದು ಕಳೆದ ಕೆಲವು ದಶಕಗಳಲ್ಲಿ ತಿಳಿದುಬಂದ ಸಂಗತಿ. ಆ ದಾಖಲೆ ಇರುವುದು ರೋಗಾಣುವಿನ ಡಿಎನ್‌ಎಯಲ್ಲಿ. ಸಾವಿರಾರು ವರ್ಷಗಳ ಹಿಂದೆ ಸತ್ತವರ ಹಲ್ಲಿನೊಳಗೂ ಅದು ಉಳಿದುಕೊಂಡಿದೆ. ರಕ್ತದಲ್ಲಿದ್ದ ರೋಗಾಣು ಹಲ್ಲಿನ ಒಳಭಾಗದಲ್ಲಿ ಸಿಕ್ಕಿಬಿದ್ದು, ಗಟ್ಟಿಯಾದ ಹಲ್ಲು ಅದನ್ನು ಪೆಟ್ಟಿಗೆಯಂತೆ ಕಾಪಾಡಿರುತ್ತದೆ.

ಪ್ಲೇಗಿನ ರೋಗಾಣುವಿನ ಹೆಸರು ಯೆರ್ಸೀನಿಯಾ ಪೆಸ್ಟಿಸ್. ಇದರ ಪೂರ್ವಜ ಯೆರ್ಸೀನಿಯಾ ಸ್ಯೂಡೊಟ್ಯೂಬರ್ಕುಲೋಸಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯ. ಹೆಸರು ಉದ್ದವಾದರೂ ಬಡಪಾಯಿ. ಮಣ್ಣು, ನೀರು, ಪ್ರಾಣಿಗಳ ಕರುಳು ಅದರ ವಾಸಸ್ಥಾನ. ಕೊಳೆಯಾದ ಆಹಾರದ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ ಜ್ವರ, ಹೊಟ್ಟೆನೋವು ಬರುತ್ತದೆ, ಬಹುತೇಕರಿಗೆ ತಾನಾಗಿಯೇ ವಾಸಿಯಾಗುತ್ತದೆ. ಇಂಥ ಹೊಟ್ಟೆನೋವಿನ ರೋಗಾಣುವಿನ ವಂಶದಿಂದ, ಸುಮಾರು ಆರೇಳು ಸಾವಿರ ವರ್ಷಗಳ ಹಿಂದೆ, ಲೋಕವನ್ನೇ ನಡುಗಿಸಿದ ಪ್ಲೇಗ್ ರೋಗಾಣು ಕವಲೊಡೆಯಿತು. ಜೀವಲೋಕದ ಲೆಕ್ಕದಲ್ಲಿ ಆರೇಳು ಸಾವಿರ ವರ್ಷ ಎಂದರೆ ನಿನ್ನೆ ಮೊನ್ನೆ. ಇಂದಿಗೂ ಇವೆರಡರ ಬಹುಪಾಲು ಜೀನ್‌ಗಳು ಹೆಚ್ಚು ಕಡಿಮೆ ಒಂದೇ.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಭಯಂಕರವಾದ ರೋಗಾಣು ಎಂದರೆ ಹೊಸ ಹೊಸ ಆಯುಧಗಳನ್ನು ಗಳಿಸಿಕೊಂಡಿರಬೇಕು ಎಂದು ನಾವು ಭಾವಿಸುತ್ತೇವೆ. ಗಳಿಸಿದ್ದು ನಿಜ, ಆದರೆ ಸ್ವಲ್ಪವೇ. ಪ್ಲಾಸ್ಮಿಡ್ ಎಂಬ ಎರಡು ಪುಟ್ಟ ಡಿಎನ್‌ಎ ಉಂಗುರಗಳು ಹೊರಗಿನಿಂದ ಬಂದು ಸೇರಿದವು. ಕಳೆದುಕೊಂಡದ್ದು ಮಾತ್ರ ಬಹಳ. 2001ರಲ್ಲಿ ಪ್ಲೇಗ್ ರೋಗಾಣುವಿನ ಪೂರ್ಣ ಡಿಎನ್‌ಎ ಪಠ್ಯ ಪ್ರಕಟವಾಯಿತು. ಸುಮಾರು 46 ಲಕ್ಷ 50 ಸಾವಿರ ಅಕ್ಷರಗಳ ಆ ಗ್ರಂಥದಲ್ಲಿ ಸುಮಾರು 150 ಜೀನ್‌ಗಳು ಸತ್ತು ಬಿದ್ದಿದ್ದವು. ಅಕ್ಷರಗಳಿವೆ, ಅರ್ಥವಿಲ್ಲ. 2004ರಲ್ಲಿ ಪೂರ್ವಜನ ಪಠ್ಯವೂ ಸಿಕ್ಕಿ ಎರಡನ್ನೂ ಹೋಲಿಸಿದಾಗ, ಪೂರ್ವಜನ ಜೀನ್‌ಗಳಲ್ಲಿ ಶೇಕಡ 13ರಷ್ಟು ಪ್ಲೇಗ್ ರೋಗಾಣುವಿನಲ್ಲಿ ಕೆಲಸ ಮಾಡುವುದಿಲ್ಲ ಎಂದು ಕಂಡಿತು. ಈಜುವ ಶಕ್ತಿ ಹೋಯಿತು. ಕರುಳಿನ ಗೋಡೆಗೆ ಅಂಟಿಕೊಂಡು ಒಳನುಗ್ಗಲು ಬೇಕಾದ ಜೀನ್‌ಗಳು ಕೆಟ್ಟವು. ಕರುಳನ್ನೇ ಬಿಟ್ಟು ಹೊರಟವನಿಗೆ ಕರುಳಿನ ಸಾಮಾನು ಏಕೆ? ನಮ್ಮ ಮನೆಗಳಲ್ಲಿ ಅಜ್ಜನ ಕಾಲದ ಪುಸ್ತಕಗಳು ಬೀರುವಿನಲ್ಲಿರುತ್ತವೆ, ಆ ಲಿಪಿ ಓದಬಲ್ಲ ಮೊಮ್ಮಕ್ಕಳಿರುವುದಿಲ್ಲ. ಬಳಸದ ಜೀನ್‌ಗಳ ಗತಿಯೂ ಅಷ್ಟೆ. ಅದರಲ್ಲಿ ತಪ್ಪು ನುಸುಳಿದರೆ ತಿದ್ದುವ ಅಗತ್ಯ ಯಾರಿಗೂ ಇರುವುದಿಲ್ಲ.

ಆದರೆ ಎಲ್ಲ ನಷ್ಟವೂ ಹೀಗೆ ಅಲಕ್ಷ್ಯದಿಂದ ಆದದ್ದಲ್ಲ. ಕೆಲವು ನಷ್ಟಗಳಿಂದಲೇ ಲಾಭವಾಯಿತು. ಅದನ್ನು ತಿಳಿಯಲು ಚಿಗಟದ ಹೊಟ್ಟೆಯೊಳಗೆ ಹೋಗಬೇಕು.

ಪೂರ್ವಜ ರೋಗಾಣುವಿನಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ. ಅದು ಚಿಗಟಕ್ಕೆ ವಿಷ. ಪೂರ್ವಜನಿರುವ ರಕ್ತವನ್ನು ಪ್ರಯೋಗಾಲಯದಲ್ಲಿ ಕುಡಿಸಿದಾಗ ಶೇಕಡ 30ರಿಂದ 40ರಷ್ಟು ಚಿಗಟಗಳು ಸತ್ತವು. ಸವಾರಿ ಹೊರಟವನು ಕುದುರೆಯನ್ನೇ ಕೊಂದರೆ ಪ್ರಯಾಣ ಹೇಗೆ? ಪ್ಲೇಗ್ ರೋಗಾಣುವಿನಲ್ಲಿ ಈ ಕಿಣ್ವಕ್ಕೆ ಬೇಕಾದ ಒಂದು ಜೀನ್ ಕೆಟ್ಟಿದೆ. ಕೆಟ್ಟದ್ದು ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿದ್ದರಿಂದ. ಉರ್ದು ಓದುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಒಂದು ನುಕ್ತಾ ಸ್ಥಳ ಬಿಟ್ಟರೆ ಪದದ ಅರ್ಥ ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಮಕ್ಕಳಿಗೂ ಗೊತ್ತು. ಆ ಒಂದು ಅಕ್ಷರದಿಂದ ಚಿಗಟ ಬದುಕಿತು.

ಇನ್ನು ಮೂರು ಜೀನ್‌ಗಳು ಕೆಟ್ಟದ್ದರಿಂದ ರೋಗಾಣುಗಳು ಚಿಗಟದ ಗಂಟಲಿನ ಕೆಳಗೆ, ರಕ್ತ ಹೊಟ್ಟೆಗೆ ಇಳಿಯುವ ಇಕ್ಕಟ್ಟಾದ ದ್ವಾರದಲ್ಲಿ, ಲೋಳೆಯಂತೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾದ ಬಿರಡೆಯಾಗುವ ಗುಣ ಬಂತು. ಈ ಮೂರು ಜೀನ್‌ಗಳು ಪೂರ್ವಜನಲ್ಲಿ ಲೋಳೆ ಕಟ್ಟದಂತೆ ತಡೆಯುವ ಕಾವಲುಗಾರರು. ಕಾವಲು ಹೋಯಿತು, ಬಿರಡೆ ಬಿತ್ತು. ಈಗ ಚಿಗಟ ಎಷ್ಟು ರಕ್ತ ಹೀರಿದರೂ ಹೊಟ್ಟೆಗೆ ಇಳಿಯುವುದಿಲ್ಲ. ಹಸಿವಿನಿಂದ ಹುಚ್ಚೆದ್ದಂತೆ ಮತ್ತೆ ಮತ್ತೆ ಕಚ್ಚುತ್ತದೆ. ಹೀರಿದ ರಕ್ತ ಬಿರಡೆಗೆ ಬಡಿದು ರೋಗಾಣುಗಳೊಂದಿಗೆ ಕಚ್ಚಿದ ಗಾಯಕ್ಕೇ ವಾಪಸಾಗುತ್ತದೆ. ಬೇಕಾಟ್ ಮತ್ತು ಮಾರ್ಟಿನ್ ಎಂಬ ಇಬ್ಬರು ಸಂಶೋಧಕರು 1914ರಲ್ಲೇ ಈ ಬಿರಡೆಯನ್ನು ಕಂಡು ವಿವರಿಸಿದ್ದರು. ಅದರ ಹಿಂದಿನ ಜೀನ್‌ಗಳ ಲೆಕ್ಕ ಸಿಗಲು ಇನ್ನೂ ನೂರು ವರ್ಷ ಬೇಕಾಯಿತು. 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಪೂರ್ವಜ ರೋಗಾಣುವಿಗೆ ಈ ಬದಲಾವಣೆಗಳನ್ನು ಒಂದೊಂದಾಗಿ ಮಾಡುತ್ತ ಹೋಗಿ, ಅದು ಚಿಗಟದ ಮೂಲಕ ಹರಡುವಂತಾಗುವುದನ್ನು ತೋರಿಸಿದರು. ಗಳಿಸಬೇಕಾದದ್ದು ಒಂದು ಜೀನ್, ಕಳೆದುಕೊಳ್ಳಬೇಕಾದದ್ದು ನಾಲ್ಕು!

ಗಳಿಸಿದ ಆ ಒಂದು ಜೀನ್‌ನ ಹೆಸರು ವೈಎಂಟಿ, ಹೊರಗಿನಿಂದ ಬಂದ ಎರಡು ಉಂಗುರಗಳಲ್ಲಿ ದೊಡ್ಡದರಲ್ಲಿದೆ. ಚಿಗಟದ ಹೊಟ್ಟೆಯಲ್ಲಿ ರಕ್ತ ಜೀರ್ಣವಾಗುವಾಗ ಹುಟ್ಟುವ ಮಾರಕ ವಸ್ತುಗಳಿಂದ ಅದು ರೋಗಾಣುವನ್ನು ಕಾಪಾಡುತ್ತದೆ. ಇದು ಯಾವಾಗ ಬಂತೆಂಬುದನ್ನು ಹಲ್ಲುಗಳೇ ಹೇಳಿದವು. 2015ರಲ್ಲಿ ಯುರೋಪ್ ಮತ್ತು ಏಷ್ಯಾದ 101 ಪ್ರಾಚೀನ ಮಾನವರ ಅವಶೇಷಗಳನ್ನು ಪರೀಕ್ಷಿಸಿದಾಗ ಏಳು ಜನರಲ್ಲಿ ಪ್ಲೇಗ್ ರೋಗಾಣು ಸಿಕ್ಕಿತು. ಅವುಗಳಲ್ಲಿ ಹಳೆಯವು ಸುಮಾರು 5,000 ವರ್ಷದವು, ಅವುಗಳಲ್ಲಿ ವೈಎಂಟಿ ಇರಲಿಲ್ಲ. ಅಂದರೆ ಆ ಕಾಲದ ಪ್ಲೇಗ್ ಚಿಗಟದ ಮೂಲಕ ಸಲೀಸಾಗಿ ಹರಡುವ ಪ್ಲೇಗ್ ಅಲ್ಲ. ರಷ್ಯಾದ ಸಮಾರಾ ಪ್ರದೇಶದ ಸುಮಾರು 3,800 ವರ್ಷ ಹಳೆಯ ಗೋರಿಯೊಂದರಲ್ಲಿ ಮಾತ್ರ ಅದು ಕಾಣಿಸಿತು. 2025ರಲ್ಲಿ ಇನ್ನೊಂದು ಸುದ್ದಿ ಬಂತು. ದಕ್ಷಿಣ ಯುರಾಲ್ ಪ್ರದೇಶದ ಅರ್ಕಾಯಿಮ್ ಎಂಬಲ್ಲಿ ಸುಮಾರು 4,000 ವರ್ಷಗಳ ಹಿಂದಿನ ಒಂದು ಸಾಕಿದ ಕುರಿಯ ಅವಶೇಷದಲ್ಲಿ ಆ ಹಳೆಯ ವಂಶದ ಪ್ಲೇಗ್ ರೋಗಾಣು ಸಿಕ್ಕಿತು. ಆ ವಂಶ ಆಮೇಲೆ ನಿರ್ವಂಶವಾಯಿತು. ಚಿಗಟವನ್ನೂ ಇಲಿಜಾತಿಯನ್ನೂ ಹಿಡಿದ ವಂಶ ಮಾತ್ರ ಉಳಿದು ನಮ್ಮ ಕಾಲಕ್ಕೆ ಬಂದಿದೆ.

ಈ ಪಾಠವನ್ನು ತರಗತಿಯಲ್ಲಿ ಹೇಳುವಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ನಮ್ಮನ್ನು ಕೊಂದರೆ ಅದಕ್ಕೇನು ಲಾಭ? ಮನೆ ಸುಟ್ಟುಕೊಂಡ ಹಾಗಲ್ಲವೇ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಮನುಷ್ಯನನ್ನು ಕೊಂದರೆ ಅದಕ್ಕೆ ಲಾಭವೇನೂ ಇಲ್ಲ, ಉತ್ತರ ಇರುವುದು ಮತ್ತೆ ಚಿಗಟದಲ್ಲೇ. ಚಿಗಟ ಒಂದು ಸಲಕ್ಕೆ ಹೀರುವ ರಕ್ತ ಒಂದು ಹನಿಗಿಂತಲೂ ಎಷ್ಟೋ ಕಡಿಮೆ. ಅಷ್ಟರಲ್ಲಿ ರೋಗಾಣು ಸೇರಬೇಕಾದರೆ ಇಲಿಯ ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಕೋಟಿಗಟ್ಟಲೆ ರೋಗಾಣುಗಳು ತುಂಬಿರಬೇಕು. ರಕ್ತದಲ್ಲಿ ಅಷ್ಟು ತುಂಬಿದ ಮೇಲೆ ಯಾವ ಪ್ರಾಣಿ ಬದುಕೀತು? ಚಿಗಟದ ದಾರಿ ಆರಿಸಿಕೊಂಡ ದಿನವೇ ಕೊಲ್ಲುವುದು ಅದಕ್ಕೆ ಅನಿವಾರ್ಯವಾಯಿತು. ಎರಡನೆಯ ಚಿಕ್ಕ ಉಂಗುರದಲ್ಲಿ ಬಂದ 'ಪ್ಲಾ' ಎಂಬ ಜೀನ್ ಇದಕ್ಕೆ ನೆರವಾಯಿತು. ಕಚ್ಚಿದ ಜಾಗದಲ್ಲಿ ರೋಗಾಣುವನ್ನು ಕಟ್ಟಿಹಾಕಲು ದೇಹ ಹೆಪ್ಪುಗಟ್ಟಿಸುವ ಜಾಲವನ್ನು ಅದು ಕರಗಿಸುತ್ತದೆ. ಅಲ್ಲಿಂದ ತೊಡೆಸಂದು, ಕಂಕುಳಿನ ಗ್ರಂಥಿಗಳಿಗೆ ದಾರಿ ಸಲೀಸು. ಪ್ಲೇಗಿನ ಗಡ್ಡೆ ಏಳುವುದು ಅಲ್ಲೇ.

ಹೀಗೆ ಸಜ್ಜಾದ ರೋಗಾಣು ಇತಿಹಾಸದ ಪುಟಗಳಿಗೆ ಬಂದದ್ದು ಮೂರು ದೊಡ್ಡ ಅಲೆಗಳಲ್ಲಿ. ಮೊದಲನೆಯದು ಕ್ರಿ.ಶ. 541ರಲ್ಲಿ, ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ ಆರಂಭವಾಗಿ ಸುಮಾರು ಇನ್ನೂರು ವರ್ಷ ಮರುಕಳಿಸುತ್ತ ಹೋಯಿತು. ಜೋರ್ಡಾನಿನ ಜೆರಾಶ್ ಪಟ್ಟಣದ ಸಾಮೂಹಿಕ ಗೋರಿಯಿಂದ ಆ ಕಾಲದ ರೋಗಾಣುವಿನ ಡಿಎನ್‌ಎ ಸಿಕ್ಕಿರುವುದು 2025ರಲ್ಲಿ ಪ್ರಕಟವಾಗಿದೆ. ಇಸ್ಲಾಮೀ ಚರಿತ್ರೆಯಲ್ಲಿ ಪ್ರಸಿದ್ಧವಾದ 'ತಾಊನೆ ಅಮ್ವಾಸ್', ಅಂದರೆ 638-39ರಲ್ಲಿ ಸಿರಿಯಾ ಪ್ರಾಂತವನ್ನು ಕಾಡಿದ ಪಿಡುಗು, ಇದೇ ಅಲೆಗೆ ಸೇರಿದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಸೇನಾಧಿಪತಿ ಹಜ್ರತ್ ಅಬೂ ಉಬೈದಾ (ರ) ತೀರಿಕೊಂಡದ್ದು ಅದರಲ್ಲೇ. ಖಲೀಫಾ ಹಜ್ರತ್ ಉಮರ್ (ರ) ರೋಗದ ಸುದ್ದಿ ತಿಳಿದು, ಹಿರಿಯರೊಂದಿಗೆ ಸಮಾಲೋಚಿಸಿ, ಸರ್ಗ್ ಎಂಬ ಸ್ಥಳದಿಂದ ಮದೀನಾಕ್ಕೆ ಹಿಂದಿರುಗಿದ ಪ್ರಸಂಗ ನಮ್ಮ ಓದುಗರಿಗೆ ತಿಳಿದದ್ದೇ.

ಎರಡನೆಯ ಅಲೆಯ ಮೂಲವನ್ನು ಹುಡುಕುವುದರಲ್ಲಿ ಇತಿಹಾಸಕಾರರು ಬಹಳ ಕಾಲ ಪರದಾಡಿದರು. ಕಿರ್ಗಿಸ್ತಾನದ ಇಸಿಕ್ ಕುಲ್ ಸರೋವರದ ಬಳಿ ಹಳೆಯ ಕ್ರೈಸ್ತ ಸ್ಮಶಾನಗಳಿವೆ. 1338 ಮತ್ತು 1339ರಲ್ಲಿ ಅಲ್ಲಿ ಇದ್ದಕ್ಕಿದ್ದಂತೆ ಗೋರಿಗಳ ಸಂಖ್ಯೆ ಏರಿದೆ. ಕೆಲವು ಕಲ್ಲುಗಳ ಮೇಲೆ ಸಿರಿಯಾಕ್ ಲಿಪಿಯಲ್ಲಿ ಪಿಡುಗಿನಿಂದ ಸತ್ತರೆಂದು ಕೆತ್ತಲಾಗಿದೆ. 2022ರಲ್ಲಿ ಆ ಗೋರಿಗಳವರ ಹಲ್ಲುಗಳಿಂದ ತೆಗೆದ ಡಿಎನ್‌ಎ, ಹತ್ತು ವರ್ಷಗಳ ನಂತರ ಯುರೋಪನ್ನು ಬಡಿದ 'ಕಪ್ಪು ಸಾವಿ'ನ ರೋಗಾಣುವಿಗೆ ನೇರ ಪೂರ್ವಜನೆಂದು ತೋರಿಸಿತು. ಆ ಬೆಟ್ಟಗಳಲ್ಲಿ ಬಿಲ ತೋಡಿ ಬದುಕುವ ಮಾರ್ಮಟ್ ಎಂಬ ದಪ್ಪ ದಂಶಕಗಳಲ್ಲಿ ಇಂದಿಗೂ ಅದರ ಹತ್ತಿರದ ಬಂಧುಗಳಿವೆ.

1348ರಲ್ಲಿ ರೋಗ ದಮಾಸ್ಕಸ್ ಮುಟ್ಟಿದಾಗ ಇಬ್ನ್ ಬತೂತ ಅಲ್ಲಿದ್ದ. ಮುಸಲ್ಮಾನರು, ಯಹೂದಿಗಳು, ಕ್ರೈಸ್ತರು ತಮ್ಮ ತಮ್ಮ ಗ್ರಂಥಗಳನ್ನು ಹಿಡಿದು, ಮಕ್ಕಳು ಮರಿ ಸಮೇತ ಒಂದೇ ಮೆರವಣಿಗೆಯಲ್ಲಿ ಪ್ರಾರ್ಥಿಸುತ್ತ ನಡೆದುದನ್ನು ಅವನು ಬರೆದಿದ್ದಾನೆ. (ಇದೇ ಇಬ್ನ್ ಬತೂತ ಕೆಲವು ವರ್ಷ ಮುಂಚೆ ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನು ಕಂಡೆನೆಂದು ಬರೆದವನು. ನಮ್ಮ ಸಂಸ್ಥೆಯವರು ಮರೆಯಬಾರದ ಸಂಗತಿ.) ಊರು ಸೇರುವ ಮೊದಲೇ ತಾಯಿ ಅದೇ ರೋಗದಲ್ಲಿ ತೀರಿಕೊಂಡ ಸುದ್ದಿ ಅವನಿಗೆ ದಾರಿಯಲ್ಲಿ ಸಿಕ್ಕಿತು. ಅದೇ ಹೊತ್ತಿಗೆ ಯುರೋಪಿನಲ್ಲಿ ಯಹೂದಿಗಳು ಬಾವಿಗೆ ವಿಷ ಹಾಕಿದರೆಂಬ ಸುಳ್ಳು ಹಬ್ಬಿ, 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ನೂರಾರು ಯಹೂದಿಗಳನ್ನು ಸುಡಲಾಯಿತು. ರೋಗ ಆ ಊರನ್ನು ಇನ್ನೂ ತಲುಪಿರಲಿಲ್ಲ. ಗ್ರನಾಡದ ವೈದ್ಯ ಇಬ್ನುಲ್ ಖತೀಬ್ ಮಾತ್ರ ಕಣ್ಣಾರೆ ಕಂಡದ್ದನ್ನು ನಂಬಿದ. ರೋಗಿಯ ಸಂಪರ್ಕಕ್ಕೆ ಬಂದವರು ಸಾಯುತ್ತಾರೆ, ಬೇರೆಯಾಗಿ ಉಳಿದವರು ಬದುಕುತ್ತಾರೆ, ಬಟ್ಟೆ, ಪಾತ್ರೆ, ಕಿವಿಯೋಲೆಯ ಮೂಲಕವೂ ರೋಗ ಮನೆ ಸೇರುತ್ತದೆ ಎಂದು ಬರೆದ. ಚಿಗಟದ ವಿಷಯ ಅವನಿಗೆ ಗೊತ್ತಿರಲಿಲ್ಲ, ಆದರೆ ಬಟ್ಟೆಯ ಮೇಲಿನ ಅವನ ಸಂಶಯ ಸರಿಯಾದ ಕಡೆಗೇ ಇತ್ತು. ಆ ಪಿಡುಗಿನಲ್ಲಿ ಇಲಿಯ ಚಿಗಟದ ಜೊತೆ ಮನುಷ್ಯನ ಮೈಮೇಲಿನ ಚಿಗಟ, ಹೇನುಗಳೂ ರೋಗ ಹರಡಿರಬಹುದೆಂದು ಇಂದಿನ ಕೆಲವು ವಿಜ್ಞಾನಿಗಳು ವಾದಿಸುತ್ತಾರೆ.

ಮೂರನೆಯ ಅಲೆ ಚೀನಾದ ಯುನ್ನಾನ್ ಪ್ರಾಂತದಿಂದ ಹೊರಟು 1894ರಲ್ಲಿ ಹಾಂಗ್‌ಕಾಂಗ್ ಮುಟ್ಟಿತು. ಅಲೆಕ್ಸಾಂಡರ್ ಯೆರ್ಸಿನ್ ರೋಗಾಣುವನ್ನು ಗುರುತಿಸಿದ್ದು ಅಲ್ಲೇ, ಆ ವರ್ಷವೇ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ವೀಗಾಸ್ ಮೊದಲ ರೋಗಿಗಳನ್ನು ಕಂಡರು. ಅಲ್ಲಿಂದ ಎರಡು ದಶಕಗಳಲ್ಲಿ ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಸರ್ಕಾರ ಮನುಷ್ಯರ ಬೆನ್ನು ಹತ್ತಿತು. ಮನೆಗೆ ಸೈನಿಕರನ್ನು ನುಗ್ಗಿಸಿತು, ಹೆಣ್ಣುಮಕ್ಕಳ ಕಂಕುಳು ತೊಡೆಸಂದು ಪರೀಕ್ಷಿಸಿತು, ರೋಗಿಗಳನ್ನು ಬಲವಂತದಿಂದ ಎಳೆದೊಯ್ದಿತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು. 1898ರ ಮಾರ್ಚ್‌ನಲ್ಲಿ ಮುಂಬಯಿಯ ಮುಸ್ಲಿಂ ನೇಕಾರರ ಬೀದಿಯಲ್ಲಿ, ಒಬ್ಬ ಹುಡುಗಿಯನ್ನು ಕೊಂಡೊಯ್ಯಲು ಬಂದಾಗ ದಂಗೆಯೇ ಎದ್ದಿತು. ರಾಜಿಂದರ್ ಸಿಂಗ್ ಬೇದಿಯವರ 'ಕ್ವಾರಂಟೀನ್' ಎಂಬ ಉರ್ದು ಕಥೆ, ಜನ ಪ್ಲೇಗಿಗಿಂತ ಪ್ರತ್ಯೇಕವಾಸದ ಶಿಬಿರಕ್ಕೆ ಹೆಚ್ಚು ಹೆದರುತ್ತಿದ್ದುದನ್ನು ಚಿತ್ರಿಸುತ್ತದೆ.

ಇಷ್ಟೆಲ್ಲ ನಡೆಯುವಾಗ ಇಲಿಯನ್ನು ನೋಡಿದವನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ. 1898ರ ಜೂನ್‌ನಲ್ಲಿ ಕರಾಚಿಯಲ್ಲಿ ಅವನು ಪ್ಲೇಗ್ ತಗುಲಿದ, ಚಿಗಟ ತುಂಬಿದ ಇಲಿಯನ್ನು ಒಂದು ಗಾಜಿನ ಜಾಡಿಯಲ್ಲಿಟ್ಟ. ಅದರೊಳಗೆ ಜಾಲರಿಯ ಪಂಜರದಲ್ಲಿ ಆರೋಗ್ಯವಾದ ಇಲಿಯನ್ನಿಟ್ಟ. ಇಲಿಗಳು ಒಂದನ್ನೊಂದು ಮುಟ್ಟುವಂತಿಲ್ಲ, ಚಿಗಟ ಮಾತ್ರ ನೆಗೆಯಬಹುದು. ಕೆಲವೇ ದಿನಗಳಲ್ಲಿ ಎರಡನೆಯ ಇಲಿಯೂ ಪ್ಲೇಗಿನಿಂದ ಸತ್ತಿತು. ತಜ್ಞರು ಅವನನ್ನು ನಂಬಲಿಲ್ಲ. 1905ರ ನಂತರ ಮುಂಬಯಿಯಲ್ಲಿ ನಡೆದ ವಿಸ್ತೃತ ಪ್ರಯೋಗಗಳು ಅವನ ಮಾತನ್ನು ಸಾಬೀತು ಮಾಡಿದವು. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು. ಎಲ್ಲರ ಹಳ್ಳಿಯಲ್ಲೂ 'ಇಲಿ ಬಿತ್ತು' ಎಂಬ ಮಾತಿದ್ದಾಗ ತಜ್ಞರಿಗೆ ಏಳು ವರ್ಷ ಹಿಡಿದದ್ದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ನಮ್ಮ ನಾಡಿಗೆ ರೋಗ ಬಂದದ್ದು ರೈಲು ದಾರಿಯಲ್ಲಿ. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಹಾಫ್‌ಕಿನ್ ಮುಂಬಯಿಯಲ್ಲಿ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡಿದ್ದ ಲಸಿಕೆಯನ್ನು ಹುಬ್ಬಳ್ಳಿಯ ಬಹುಪಾಲು ಜನರಿಗೆ ಹಾಕಲಾಯಿತು. ಅದೇ ಆಗಸ್ಟ್‌ನಲ್ಲಿ ಬೆಂಗಳೂರು. 1891ರಲ್ಲಿ ಪೇಟೆ ಮತ್ತು ದಂಡು ಪ್ರದೇಶ ಸೇರಿ ಸುಮಾರು 1 ಲಕ್ಷ 80 ಸಾವಿರವಿದ್ದ ಜನಸಂಖ್ಯೆ 1901ರಲ್ಲಿ 1 ಲಕ್ಷ 59 ಸಾವಿರಕ್ಕೆ ಇಳಿದಿತ್ತು. ಸತ್ತವರೂ ಇದ್ದರು, ಊರು ಬಿಟ್ಟವರೂ ಇದ್ದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿದ್ದು ಆಮೇಲೆ. ನನಗೆ ಹೆಚ್ಚು ಮುಖ್ಯವೆನಿಸುವುದು ದಂಡು ಪ್ರದೇಶದ ಫ್ರೇಜರ್ ಟೌನ್, ಇಂದಿನ ಪುಲಕೇಶಿನಗರ. 1906ರಲ್ಲಿ ಯೋಜನೆಯಾಗಿ 1910ರಲ್ಲಿ ಉದ್ಘಾಟನೆಯಾದ ಈ ಬಡಾವಣೆಯನ್ನು ಜೆ.ಎಚ್. ಸ್ಟೀಫನ್ಸ್ ಎಂಬ ಇಂಜಿನಿಯರ್ ಇಲಿ ನುಸುಳದ ಮನೆಗಳ ಊರಾಗಿ ರೂಪಿಸಿದರು, 1914ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಗಾಳಿ ಬೆಳಕು ಇರುವ ಕೋಣೆಗಳು, ಇಲಿ ಬಿಲ ಕೊರೆಯದ ತಳಪಾಯ. ಸೈನಿಕರಿಂದ ಜನರನ್ನು ಹೆದರಿಸಿ ಆಗದ ಕೆಲಸವನ್ನು, ಇಲಿಯನ್ನು ಮನೆಯಿಂದ ಹೊರಗಿಟ್ಟು ಮಾಡುವ ಪ್ರಯತ್ನ ಅದು.

ರೋಗಾಣುವೂ ಸುಮ್ಮನೆ ಕುಳಿತಿಲ್ಲ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲನೆಯ ಮತ್ತು ಎರಡನೆಯ ಅಲೆಗಳ ಕೊನೆಯ ಕಾಲದಲ್ಲಿ ರೋಗಾಣುಗಳು 'ಪ್ಲಾ' ಜೀನ್‌ನ ಪ್ರತಿಗಳನ್ನು ಕಡಿಮೆ ಮಾಡಿಕೊಂಡಿದ್ದವು ಎಂದು ತೋರಿಸಿತು. ಅಂಥ ರೋಗಾಣು ತಗುಲಿದ ಇಲಿಗಳು ಪ್ರಯೋಗಾಲಯದಲ್ಲಿ ಹೆಚ್ಚು ದಿನ ಬದುಕಿದವು. ಊರಿನ ಇಲಿಗಳೆಲ್ಲ ಸತ್ತು ವಿರಳವಾದ ಮೇಲೆ, ತಕ್ಷಣ ಕೊಲ್ಲದೆ ಇಲಿಯನ್ನು ಇನ್ನೊಂದು ಇಲಿಯವರೆಗೆ ನಡೆಯಲು ಬಿಡುವ ರೋಗಾಣುವಿಗೇ ಅನುಕೂಲ ಎಂಬುದು ಆ ವಿಜ್ಞಾನಿಗಳ ವಿವರಣೆ. ಎರಡು ಬೇರೆ ಬೇರೆ ಶತಮಾನಗಳಲ್ಲಿ, ಸಂಬಂಧವಿಲ್ಲದ ಎರಡು ವಂಶಗಳು, ಒಂದೇ ತಿದ್ದುಪಡಿ ಮಾಡಿಕೊಂಡಿವೆ.

ಭಾರತದಲ್ಲಿ 1994ರಲ್ಲಿ ಬೀಡ್ ಮತ್ತು ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡು ದೇಶವೇ ಬೆಚ್ಚಿತು, 2002ರಲ್ಲಿ ಹಿಮಾಚಲ ಪ್ರದೇಶದಲ್ಲಿ ಮತ್ತೆ ಕಂಡಿತು. ಇಂದು ಬೇಗ ಗುರುತಿಸಿದರೆ ಸ್ಟ್ರೆಪ್ಟೊಮೈಸಿನ್‌ನಂಥ ಔಷಧಿಗಳಿಂದ ವಾಸಿಯಾಗುತ್ತದೆ. 1994ಕ್ಕೆ ಮೊದಲು ದೇಶದಲ್ಲಿ ಖಚಿತಪಟ್ಟ ಕೊನೆಯ ಪ್ರಕರಣ ದಾಖಲಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ, 1966ರಲ್ಲಿ. ಕರ್ನಾಟಕ, ಆಂಧ್ರ, ತಮಿಳುನಾಡು ಸೇರುವ ಆ ಬಯಲಿನಲ್ಲಿ ರೋಗದ ಆಸರೆ ಮನೆಯ ಇಲಿಯಲ್ಲ, ಬಾಲದ ತುದಿಯಲ್ಲಿ ಕುಚ್ಚಿರುವ, ಹೊಲದ ಬದುಗಳಲ್ಲಿ ಬಿಲ ತೋಡುವ ಕಾಡಿಲಿ. ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕದವರು ದಶಕಗಳಿಂದ ಆ ಹೊಲಗಳಲ್ಲಿ ಬೋನು ಇಟ್ಟು ಇಲಿ ಹಿಡಿದು, ಮೈಮೇಲಿನ ಚಿಗಟಗಳನ್ನು ಬಾಚಿ ಎಣಿಸಿ, ರಕ್ತ ಪರೀಕ್ಷಿಸುತ್ತ ಬಂದಿದ್ದಾರೆ.